ಐದು ಕಾಲಿನ ಕೂರಿಗೆ

ನಾನು ಒಂದು ಕೂರಿಗೆ. ಈಗಿನ ಮಕ್ಕಳು ನನ್ನನ್ನು ನೋಡಿ ಏಣಿಯೋ, ಮುರಿದ ಮಂಚವೋ ಎಂದು ತಮ್ಮ ತಮ್ಮಲ್ಲೇ ವಾದ ಮಾಡುತ್ತಾರೆ. ನನಗೆ ಸಿಟ್ಟು ಬರುತ್ತದೆ. ಆದರೂ ಹೇಳಿಬಿಡುತ್ತೇನೆ, ಕೇಳಿ. ಸಾಲು ಹಿಡಿದು ಬೀಜ ಬಿತ್ತುವವಳು ನಾನು. ಅಡ್ಡಕ್ಕೆ ಒಂದು ದಪ್ಪ ದಿಂಡು, ಅದರ ಕೆಳಗೆ ಕಬ್ಬಿಣದ ಮೊನೆಯ ಕಾಲುಗಳು, ಪ್ರತಿ ಕಾಲಿಗೂ ಒಂದೊಂದು ಬಿದಿರಿನ ಕೊಳವೆ. ಕೊಳವೆಗಳೆಲ್ಲ ಮೇಲೆ ಬಂದು ಒಂದೇ ಮರದ ಬಟ್ಟಲಲ್ಲಿ ಕೂಡುತ್ತವೆ. ಎತ್ತುಗಳು ನನ್ನನ್ನು ಎಳೆಯುತ್ತವೆ, ಹಿಂದೆ ನಡೆಯುವವರು ಮುಷ್ಟಿ ಸಡಿಲಿಸುತ್ತಾ ಬಟ್ಟಲಿಗೆ ಬೀಜ ಬಿಡುತ್ತಾರೆ. ಅಷ್ಟೇ ಕೆಲಸ. ಆದರೆ ಆ ಮುಷ್ಟಿ ಯಾರದು ಎಂಬ ಒಂದೇ ಪ್ರಶ್ನೆಯ ಮೇಲೆ ಒಂದು ಮನೆ ಎಷ್ಟೋ ವರ್ಷ ಉರಿಯಿತು. ಅದನ್ನು ಹೇಳಲಿಕ್ಕೇ ನಾನು ಬಾಯಿ ತೆರೆದಿದ್ದು.

ನಾನು ಹುಟ್ಟಿದ್ದು ನವಲಗುಂದದ ಸೀಮೆಯಲ್ಲಿ, ಕರಿಜಾಲಿಯ ಮರದಿಂದ. ಅಲ್ಲಿಯ ನೆಲ ಕಪ್ಪು, ಎರೆ. ಜನ ಜೋಳ ಬಿಟ್ಟು ಬೇರೆ ಊಟ ಅರಿಯದವರು. ನನ್ನನ್ನು ಕೆತ್ತಿದ ಬಡಿಗೇರ ಮೌನೇಶಪ್ಪ ಜೋಳಕ್ಕೆಂದೇ ಮೊಳಕ್ಕೊಂದರಂತೆ ಮೂರು ಕಾಲು ಕೊಟ್ಟ. ಮೊದಲ ದಿನ ನನಗೆ ಹಸಿರು ಖಣ ಸುತ್ತಿ, ಬಳೆ ಏರಿಸಿ, ಉಡಿ ತುಂಬಿದರು. ಕೂರಿಗೆ ಎಂದರೆ ಮನೆಮಗಳು ಎಂದರು. ಹಿಗ್ಗಿ ಹೀರೇಕಾಯಿ ಆದೆ. ಮನೆಮಗಳಿಗೆ ಎಷ್ಟು ಕಟ್ಟಳೆ ಇರುತ್ತವೆ ಎಂಬುದು ಆಗಿನ್ನೂ ನನಗೆ ಗೊತ್ತಿರಲಿಲ್ಲ.

ನನ್ನ ಯಜಮಾನ ದ್ಯಾಮಪ್ಪ. ಅಣ್ಣತಮ್ಮಂದಿರು ಬೇರೆಯಾದಾಗ ಇದ್ದ ನೆಲ ಮೂವರಿಗೆ ಹಂಚಿದರೆ ಯಾರ ಹೊಟ್ಟೆಯೂ ತುಂಬುವಂತಿರಲಿಲ್ಲ. ಆಗಷ್ಟೇ ದೊಡ್ಡ ಯುದ್ಧ ಮುಗಿದಿತ್ತು. ಪಡುವಣ ಕಾಡಿನ ಅಂಚಿನಲ್ಲಿ ನೆಲ ಹಸನು ಮಾಡಿಕೊಳ್ಳುವವರಿಗೆ ಸರಕಾರ ಭೂಮಿ ಕೊಡುತ್ತದೆ ಎಂಬ ಸುದ್ದಿ ಬಂತು. ದ್ಯಾಮಪ್ಪ ಹೊಲದ ಪಾಲು ಬಿಟ್ಟುಕೊಟ್ಟು ಒಂದು ಜೋಡಿ ಎತ್ತನ್ನೂ ನನ್ನನ್ನೂ ಕೇಳಿ ಪಡೆದ. ಚಕ್ಕಡಿಯಲ್ಲಿ ಅವನ ಹೆಂಡತಿ ಫಕೀರವ್ವ, ಹನ್ನೆರಡು ವರ್ಷದ ಮಗ ಗುದ್ಲೆಪ್ಪ, ಐದು ವರ್ಷದ ಮಗಳು ಕೆಂಚಿ. ಹಿರಿಯ ಮಗಳು ಶಾವಂತ್ರೆವ್ವ ಗಂಡನ ಮನೆಯಲ್ಲೇ ಉಳಿದಳು. ಚಕ್ಕಡಿ ಹೊರಟಾಗ ಅವಳು ಊರ ಅಗಸಿ ಬಾಗಿಲ ತನಕ ಹಿಂದೆ ಓಡಿಬಂದದ್ದು ನನಗೆ ಕಂಡಿತು. ನನ್ನನ್ನು ಚಕ್ಕಡಿಯ ಹಿಂಬದಿಗೆ ತಲೆಕೆಳಗಾಗಿ ಕಟ್ಟಿದ್ದರು.

ಕೆಳಗೆ ಇರುವವಳು ನಾನು, ಜನರನ್ನು ಪಾದದಿಂದ ಗುರುತು ಹಿಡಿಯುತ್ತೇನೆ. ದ್ಯಾಮಪ್ಪನ ಹೆಜ್ಜೆ ಭಾರ, ಮೊಂಡು. ಫಕೀರವ್ವನ ಪಾದ ಸಣ್ಣದು, ಆದರೆ ಮುಳ್ಳು ತುಳಿದರೂ ನಡಿಗೆ ತಪ್ಪುತ್ತಿರಲಿಲ್ಲ.

ನಾವು ಮುಟ್ಟಿದ ಜಾಗಕ್ಕೆ ಜೇನಹಕ್ಕಲ ಎಂದು ಹೆಸರು. ನಮ್ಮಂತೆ ಬಂದವರು ಆರು ಮನೆಯವರು. ಸರಕಾರದ ಸಾಹೇಬ ಬಂದು ಗಡಿ ಕಲ್ಲು ನೆಡಿಸಿ, ಎಲ್ಲರಿಗೂ ಒಂದೇ ಮಾತು ಹೇಳಿದ: "ಮೂರು ಮಳೆಗಾಲ ಟೈಮು. ಮೂರನೇದರಾಗ ಪೂರಾ ಹೊಲ ಬಿತ್ತಿ, ಬೆಳೆ ನಿಂತದ್ದು ತೋರಿಸಬೇಕು. ಇಲ್ಲಂದ್ರ ಭೂಮಿ ವಾಪಸ್."

ಅಲ್ಲಿಯ ನೆಲ ಕೆಂಪು. ಮರ ಕಡಿದರೂ ಬೊಡ್ಡೆ ಬಿಡದು, ಬೊಡ್ಡೆ ಕಿತ್ತರೂ ಬೇರು ಬಿಡದು. ಗಂಡ ಹೆಂಡತಿ ಕೈ ಬೊಬ್ಬೆ ಒಡೆಯುವ ತನಕ ಅಗೆದರು. ಮೃಗಶಿರಾ ಮಳೆಯ ಹೊತ್ತಿಗೆ ಅರ್ಧ ಹೊಲ ಬಯಲಾಯಿತು. ದ್ಯಾಮಪ್ಪ ನನ್ನನ್ನು ಹೂಡಿ, ಫಕೀರವ್ವನ ಕೈಯಿಂದ ಬೀಜ ಬಿಡಿಸಿ ಜೋಳ ಬಿತ್ತಿದ. ಎಮ್ಮೆ ಮೇಯಿಸಲು ಬಂದ ಗೌಳಿ ಮುದುಕಿ ಜಾನೂಬಾಯಿ ಬದುವಿನ ಮೇಲೆ ನಿಂತು ನಕ್ಕಳು.

"ಅಣ್ಣಾ, ಇದು ಭತ್ತದ ಭೂಮಿ. ಇಲ್ಲಿ ಮಳಿ ಹತ್ತಿದ್ರ ಎರಡ ತಿಂಗಳ ಬಿಡಂಗಿಲ್ಲ. ಜ್ವಾಳ ಕೊಳಿತೈತಿ."

"ನಾವು ಜ್ವಾಳ ತಿನ್ನೋ ಮಂದಿ," ಎಂದ ದ್ಯಾಮಪ್ಪ. "ಅನ್ನ ಹಬ್ಬಕ್ಕ ಇರ್ಲಿ."

ಜೋಳ ಮೊಳಕೈ ಎತ್ತರ ಬಂದು ಹಳದಿಯಾಗಿ ಮಲಗಿತು. ಮರುವರ್ಷವಾದರೂ ಬುದ್ಧಿ ಬಂತೇ? ಈ ಸಲ ಮಳೆ ಕಡಿಮೆ ಎಂದು ಮತ್ತೆ ಜೋಳವೇ. ಆರು ಮನೆಯವರೂ ಇದೇ ತಪ್ಪು ಮಾಡಿದರು. ನಿಜ ಹೇಳಬೇಕೆಂದರೆ ತಪ್ಪು ಅರ್ಧ ನನ್ನದು. ಮೊಳಕ್ಕೊಂದು ಕಾಲಿರುವ ನನ್ನಿಂದ ಭತ್ತ ಬಿತ್ತಿದರೆ ಸಾಲುಗಳ ನಡುವೆ ಕಳೆಯೇ ಬೆಳೆಯುತ್ತದೆ. ಭತ್ತಕ್ಕೆ ಕಾಲು ಒತ್ತೊತ್ತಾಗಿ ಬೇಕು. ಪೂಜೆಯಾದ ಕೂರಿಗೆಗೆ ಮತ್ತೆ ಬೈರಿಗೆ ಹಾಕಿ ತೂತು ಕೊರೆಯಬಾರದು ಎಂದು ನಮ್ಮ ಸೀಮೆಯ ಕಟ್ಟಳೆ. ಆ ಒಂದು ಕಟ್ಟಳೆಗೆ ಎರಡು ವರ್ಷದ ಬೆಳೆ ಹೋಯಿತು.

ಎರಡನೆಯ ಬೆಳೆ ಮಲಗಿದ ಹೊತ್ತಿನಲ್ಲೇ ದ್ಯಾಮಪ್ಪನೂ ಮಲಗಿದ. ಕಾಡಿನ ಚಳಿಜ್ವರ. ಇದ್ದ ಕೌದಿಗಳನ್ನೆಲ್ಲ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಹನ್ನೊಂದನೆಯ ದಿನ ಅವನ ಮೊಂಡು ಪಾದಗಳನ್ನು ಹೊತ್ತುಕೊಂಡು ಹೋದರು. ಎರಡು ಮನೆಯವರು ಆ ವಾರವೇ ಗಂಟುಮೂಟೆ ಕಟ್ಟಿ ಊರಿಗೆ ಮರಳಿದರು. "ನೀನೂ ನಡಿ ಫಕೀರವ್ವ," ಎಂದರು. ಅವಳು ಹೋಗಲಿಲ್ಲ. ಊರಿನಲ್ಲಿ ಅವಳ ಪಾಲಿಗೆ ಇದ್ದದ್ದು ಮೈದುನರ ಹಿತ್ತಲಿನ ಒಂದು ಮೂಲೆ, ಅಷ್ಟೇ. ಇಲ್ಲಿ ಗಂಡ ಕಿತ್ತ ಬೊಡ್ಡೆಯ ಕುಣಿಗಳಿದ್ದವು. ಇನ್ನೊಂದು ಮಳೆಗಾಲ ಬಾಕಿ ಇತ್ತು.

ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವಳು ನನ್ನನ್ನು ತಲೆಯ ಮೇಲೆ ಹೊತ್ತು ಎಂಟು ಮೈಲಿ ನಡೆದು ಸಂತೆಯೂರಿನ ಬಡಿಗೇರನ ಮುಂದೆ ಇಳಿಸಿದಳು. ಮೂರು ಕಾಲುಗಳ ನಡುವೆ ಇನ್ನೆರಡು ಕೂಡಿಸು ಎಂದಳು. ಅವನು ಮುಖ ಸಿಂಡರಿಸಿದ.

"ಪೂಜಿ ಆದ ಕೂರಿಗಿ ತಂಗಿ. ಇದಕ್ಕ ಬೈರಿಗಿ ಹಾಕೂದ?"

"ಹೊಟ್ಟಿಗೆ ಹಾಕದ ಪೂಜಿ ತಗೊಂಡು ನಾ ಏನ ಮಾಡ್ಲಿ? ಕೊರಿ ನೀ. ಪಾಪ ಬಂದ್ರ ನನಗ ಬರ್ಲಿ."

ಬೈರಿಗೆ ನನ್ನ ದಿಂಡಿನೊಳಗೆ ಇಳಿದಾಗ ಆದ ನೋವು ಹೇಳಲಾರೆ. ಅವಳು ಪಕ್ಕದಲ್ಲೇ ಕುಳಿತಿದ್ದಳು, ನನ್ನ ಮೇಲಿಂದ ಕೈ ತೆಗೆಯಲಿಲ್ಲ. ಕೂಲಿಗೆ ಅವಳು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟದ್ದು ತನ್ನ ಬೆಳ್ಳಿ ಕಾಲುಂಗುರ, ಗಂಡ ಸತ್ತಾಗ ತೆಗೆದದ್ದು. ಕೊಳವೆಗೆ ಬಿದಿರು ಜಾನೂಬಾಯಿ ತಂದುಕೊಟ್ಟಳು. ಐದು ಕಣ್ಣಿನ, ಎಂದರೆ ಐದು ತೂತಿನ, ಹೊಸ ಬಟ್ಟಲು ಬಂತು. ಹೀಗೆ ನಾನು ಐದು ಕಾಲಿನವಳಾದೆ. ಬೀಜದ ಭತ್ತವೂ ಜಾನೂಬಾಯಿಯದೇ, ಬೇಸಿಗೆಯೆಲ್ಲ ಎರಡು ಹೊತ್ತು ಅವಳ ಎಮ್ಮೆ ಕಾಯ್ದದ್ದಕ್ಕೆ.

ಎಲ್ಲ ಸಿದ್ಧವಾಯಿತು. ಆಮೇಲೆ ಎದ್ದಿತು ನೋಡಿ, ನಿಜವಾದ ತೊಡಕು. ಬಟ್ಟಲಿಗೆ ಬೀಜ ಬಿಡುವ ಕೈ ಮುತ್ತೈದೆಯದಾಗಿರಬೇಕು. ಗಂಡ ಸತ್ತವಳು ಬೀಜ ಮುಟ್ಟಿದರೆ ನೆಲ ಸುಡುತ್ತದೆ, ಮನೆಯಲ್ಲಿ ಹೆಣ ಬೀಳುತ್ತದೆ ಎಂದು ನಂಬಿಕೆ. ಫಕೀರವ್ವ ಮಗಳು ಶಾವಂತ್ರೆವ್ವನಿಗೆ ಹೇಳಿಕಳಿಸಿದಳು. ಜ್ವರದ ಕಾಡಿಗೆ ಸೊಸೆಯನ್ನು ಕಳಿಸುವುದಿಲ್ಲ ಎಂದು ಬೀಗರು ಉತ್ತರ ಕೊಟ್ಟರು. ಪಕ್ಕದ ಮನೆಯ ಕಲ್ಲವ್ವನ ಬಾಗಿಲಿಗೆ ಹೋಗಿ ನಿಂತಳು.

"ಸಿಟ್ಟಾಗಬ್ಯಾಡ ಫಕೀರವ್ವ," ಎಂದಳು ಕಲ್ಲವ್ವ, ಹೊಸಿಲು ದಾಟದೆ. "ನಿನ್ನ ಕೂರಿಗಿ ಮುಟ್ಟಿ ನನ್ನ ಕುಂಕುಮಕ್ಕ ಏನಾರ ಆದ್ರ?"

ಒಣ ನೆಲದಲ್ಲೇ ಬಿತ್ತುವ ಭತ್ತ ಅದು. ಮಳೆ ಜೋರಾಗಿ ನೆಲ ಕೆಸರಾದರೆ ನನ್ನ ಕೊಳವೆಗಳು ಕಟ್ಟಿಕೊಳ್ಳುತ್ತವೆ, ಬಿತ್ತನೆ ಮುಗಿದ ಕತೆ. ಪಡುವಣ ದಿಕ್ಕು ಕಪ್ಪಾಗುತ್ತಿತ್ತು. ಕೊನೆಗೆ ಊರಿನ ಹಿರಿಯ ಬಸಲಿಂಗಪ್ಪನೇ ಒಂದು ದಾರಿ ತೋರಿಸಿದ. ಇನ್ನೂ ಬುದ್ಧಿ ತಿಳಿಯದ ಕೂಸಿನ ಕೈಗೆ ದೋಷ ಇಲ್ಲ, ಕೆಂಚಿ ಬಿತ್ತಲಿ ಎಂದ.

ಕೆಂಚಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ತಾಯಿಯ ಹಸಿರು ಸೀರೆಯ ತುಂಡನ್ನು ಉಟ್ಟು, ಉಡಿ ತುಂಬ ಭತ್ತ ಕಟ್ಟಿಕೊಂಡು ಬಂದಳು. ಬೇರಿರುವ ನೆಲವಾದ್ದರಿಂದ ಗುದ್ಲೆಪ್ಪ ಮುಂದೆ ಎತ್ತಿನ ಹಗ್ಗ ಹಿಡಿದು, ನೆಲ ನೋಡುತ್ತ ನಡೆಯಬೇಕು. ಅವನು ಹಿಂದೆ ತಿರುಗಿದರೆ ನಾನು ಬೇರಿಗೆ ಸಿಕ್ಕು ಮುರಿಯುವುದೇ. ಫಕೀರವ್ವ ಹಿಂದೆ ನನ್ನನ್ನು ಒತ್ತಿ ಹಿಡಿಯುವುದು. ಪಕ್ಕದಲ್ಲಿ ಕೆಂಚಿ.

ಮೊದಲ ಸಾಲು ಹೋಯಿತು. ಕೆಂಚಿಯ ಮುಷ್ಟಿ ನಿಂಬೆಹಣ್ಣಿನಷ್ಟು. ಬೀಜ ಒಮ್ಮೆ ದೊಪ್ಪನೆ ಬೀಳುತ್ತಿತ್ತು, ಒಮ್ಮೆ ಬೀಳುತ್ತಲೇ ಇರಲಿಲ್ಲ. ಎರಡು ಕೊಳವೆ ತುಂಬಿದರೆ ಮೂರು ಖಾಲಿ. ಎರಡನೆಯ ಸಾಲೂ ಹಾಗೆಯೇ. ಹೀಗೆ ಬಿತ್ತಿದರೆ ಅರ್ಧ ಹೊಲ ಬೋಳು ನಿಲ್ಲುತ್ತದೆ, ಸಾಹೇಬ ಬಂದು ಭೂಮಿ ವಾಪಸ್ ಎಂದು ಬರೆದುಕೊಂಡು ಹೋಗುತ್ತಾನೆ. ಮೂರನೆಯ ಸಾಲು ತೊಡಗುವಾಗ ಫಕೀರವ್ವನ ಹೆಜ್ಜೆ ಒಂದು ಕ್ಷಣ ತಡೆಯಿತು. ಮೊದಲ ಸಲ ಆ ಪಾದ ತಡೆದದ್ದನ್ನು ನಾನು ಕಂಡೆ. ಎಡಗೈಯಿಂದ ನನ್ನನ್ನು ಒತ್ತಿ ಹಿಡಿದು, ಬಲಗೈಯನ್ನು ಮಗಳ ಉಡಿಗೆ ಹಾಕಿದಳು.

ಆ ಕೈ ಮತ್ತೆ ನನ್ನ ಬಟ್ಟಲ ಮೇಲೆ ಬಂತು. ಬೆರಳ ಸಂದಿಯಿಂದ ಭತ್ತ ಸಮನಾಗಿ, ಸದ್ದಿಲ್ಲದೆ ಇಳಿಯತೊಡಗಿತು. ಐದೂ ಕಣ್ಣು ತುಂಬಿದವು. ನನ್ನ ಆಯುಷ್ಯದಲ್ಲಿ ಅಂಥ ಕೈ ಇನ್ನೊಂದು ಕಂಡಿಲ್ಲ.

"ಅಣ್ಣಗ ಹೇಳಬ್ಯಾಡವಾ," ಎಂದು ಪಿಸುಗುಟ್ಟಿದಳು.

"ಹೇಳಂಗಿಲ್ಲ," ಎಂದಳು ಕೆಂಚಿ. ತನ್ನ ಪುಟ್ಟ ಕೈಯನ್ನು ತಾಯಿಯ ಮಣಿಕಟ್ಟಿನ ಮೇಲೆ ಇಟ್ಟುಕೊಂಡು, ಜಂಬದಿಂದ ನಡೆದಳು. ಎರಡು ದಿನ ಹೀಗೆಯೇ ಬಿತ್ತಿದರು. ಸಾಲು ಮುಗಿದು ಎತ್ತು ತಿರುಗುವಾಗ ತಾಯಿಯ ಕೈ ಸೆರಗಿನಲ್ಲಿ ಅಡಗುತ್ತಿತ್ತು. ಗುದ್ಲೆಪ್ಪ ಒಮ್ಮೆಯೂ ಹಿಂದೆ ನೋಡಲಿಲ್ಲ. ಎರಡನೆಯ ದಿನ ಸಂಜೆ ಮಳೆ ಹಿಡಿಯಿತು.

ಬೆಳೆ ಹೇಗೆ ಬಂತೆಂದರೆ, ಜಾನೂಬಾಯಿಯೇ ಮೂಗಿನ ಮೇಲೆ ಬೆರಳಿಟ್ಟಳು. ಮೊದಲ ಎರಡು ಸಾಲು ಮಾತ್ರ ಬೋಳುಬೋಳು. ಆದರೆ ಭತ್ತ ಹೊಡೆ ಕಟ್ಟುವ ಹೊತ್ತಿಗೆ ಕೆಂಚಿಗೆ ಜ್ವರ ಬಂತು.

ನನ್ನನ್ನು ಗುಡಿಸಲ ಗೋಡೆಗೆ ಒರಗಿಸಿದ್ದರು, ಎಲ್ಲ ಕೇಳುತ್ತಿತ್ತು. ಬಸಲಿಂಗಪ್ಪ ಬಂದು ಗುದ್ಲೆಪ್ಪನನ್ನು ಹೊರಗೆ ಕರೆದು ಕಿವಿಯಲ್ಲಿ ಏನೋ ಕೇಳಿದ. ಹುಡುಗ ಬಿಳಿಚಿಕೊಂಡು ಒಳಗೆ ಬಂದ.

"ಕೆಂಚೀ, ಖರೇ ಹೇಳು. ಬೀಜ ಯಾರ ಬಿಟ್ರು? ಅವ್ವ ಮುಟ್ಟಿದ್ಲೇನ?"

ಫಕೀರವ್ವ ಒಲೆಯ ಮುಂದೆ ಕಲ್ಲಾಗಿ ಕುಳಿತಿದ್ದಳು. ಜ್ವರದಲ್ಲಿ ಉರಿಯುತ್ತಿದ್ದ ಕೂಸು ಕಣ್ಣು ತೆರೆದು ಹೇಳಿತು: "ನಾ ಬಿತ್ತೀನಿ. ಎಲ್ಲಾ ನಾನ ಬಿತ್ತೀನಿ."

ಮೂರನೆಯ ದಿನ ಕೆಂಚಿ ಹೋದಳು. ಅವಳ ಪಾದದ ಗುರುತು ಹೊಲದಲ್ಲಿ ಎರಡು ದಿನವಷ್ಟೇ ಇತ್ತು. ನನಗೆ ಅದು ಇಂದಿಗೂ ನೆನಪಿದೆ.

ಸಾಹೇಬ ಬಂದ, ಬೆಳೆ ನೋಡಿದ, ಭೂಮಿ ಆ ಮನೆಯ ಹೆಸರಿಗಾಯಿತು. ಜನ ಅದನ್ನು ಕೆಂಚಿ ಹೊಲ ಎಂದರು. ಸಾಯುವ ಮುಂಚೆ ಬಿತ್ತಿ ಹೋದ ಕೂಸು, ದೇವರ ಕೈ ಎಂದರು. ಬದುವಿನಲ್ಲಿ ಒಂದು ಕಲ್ಲು ನೆಟ್ಟು ಪ್ರತಿವರ್ಷ ಕಾಯಿ ಒಡೆದರು. ಫಕೀರವ್ವ ಬಾಯಿಗೆ ಬೀಗ ಹಾಕಿಕೊಂಡಳು. ಹೇಳಿದರೆ ಮಗಳ ಸಾವು ಅವಳ ಕೊರಳಿಗೆ ಬೀಳುತ್ತಿತ್ತು. ಅಷ್ಟೇ ಅಲ್ಲ, ತನ್ನ ಕೈಯೇ ಕೂಸನ್ನು ತಿಂದಿತೋ ಎಂಬ ಹೆದರಿಕೆ ಅವಳಿಗೇ ಇತ್ತು. ಎಷ್ಟೋ ಮಧ್ಯಾಹ್ನ ಕೊಟ್ಟಿಗೆಗೆ ಬಂದು ನನ್ನ ಬಟ್ಟಲ ಮೇಲೆ ಬಲಗೈ ಇಟ್ಟು ನಿಲ್ಲುತ್ತಿದ್ದಳು. ಅತ್ತದ್ದೂ ಉಂಟು. ಮರಕ್ಕೆ ಮಾತು ಬರುವುದಿಲ್ಲ, ಇಲ್ಲದಿದ್ದರೆ ನಿನ್ನ ಕೈಯ ದೋಷವಲ್ಲ ಎಂದು ಕೂಗಿ ಹೇಳುತ್ತಿದ್ದೆ.

ವರ್ಷಗಳು ಉರುಳಿದವು. ಗುದ್ಲೆಪ್ಪ ಬೆಳೆದ, ಪಾರ್ವತೆವ್ವ ಎಂಬ ಹೆಂಡತಿಯನ್ನು ತಂದ. ಅವಳ ಬಳೆಯ ಕೈ ನನ್ನ ಬಟ್ಟಲಿಗೆ ಬಂತು. ಬಿತ್ತುವ ದಿನ ಫಕೀರವ್ವ ಹೊಲದ ಕಡೆ ಸುಳಿಯುತ್ತಿರಲಿಲ್ಲ. ಗುದ್ಲೆಪ್ಪ ಕೆಟ್ಟವನಲ್ಲ, ತಾಯಿಗೆ ಹೊತ್ತಿಗೆ ಸರಿಯಾಗಿ ಊಟ, ಹಬ್ಬಕ್ಕೆ ಸೀರೆ. ಕಟ್ಟಳೆಯ ವಿಷಯದಲ್ಲಿ ಮಾತ್ರ ಅಪ್ಪನಷ್ಟೇ ಮೊಂಡ. ಪಾದವೂ ಅಪ್ಪನದೇ.

ಕೆಂಚಿ ಹೋಗಿ ಇಪ್ಪತ್ತೆರಡು ವರ್ಷಕ್ಕೆ, ಹಿರಿಯ ಮಗಳು ಶಾವಂತ್ರೆವ್ವ ಎರಡು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದಳು. ಗಂಡ ಸತ್ತಿದ್ದ, ಅತ್ತೆಮನೆಯವರು ಹೊರಹಾಕಿದ್ದರು. ಅಡುಗೆಮನೆಯ ಹಿಂದೆ ಒಂದು ಜಾಗ ಸಿಕ್ಕಿತು. ಉಂಡರೆ ಉಂಡಳು, ಬಿಟ್ಟರೆ ಬಿಟ್ಟಳು. ಎರಡು ತಿಂಗಳು ಇದನ್ನು ನೋಡಿದ ಫಕೀರವ್ವ ಮಗನಿಗೆ ಹೇಳಿದಳು: "ಹೊಲದ ಮ್ಯಾಲಿನ ಪಟ್ಟಿ ನಿಮ್ಮಕ್ಕಗ ಬಿಡು. ದುಡಕೊಂಡು ತಿಂತಾಳ."

"ಬಿಟ್ರ ಬಿತ್ತೋರು ಯಾರವ್ವ?" ಎಂದ ಗುದ್ಲೆಪ್ಪ. "ಆಕಿ ಕೈಲೆ ಬೀಜ ಬಿಡಿಸಿದ್ರ ನೆಲ ಸುಡತೈತಿ. ಇದು ಕೆಂಚಿ ಬಿತ್ತಿದ ಹೊಲ."

ಫಕೀರವ್ವ ಎದ್ದು ಕೊಟ್ಟಿಗೆಗೆ ಬಂದು ನನ್ನ ಬಟ್ಟಲ ಮೇಲೆ ಕೈ ಇಟ್ಟಳು.

ಆ ವರ್ಷ ಬಿತ್ತನೆಯ ದಿನ ಪಾರ್ವತೆವ್ವ ತುಂಬು ಬಸುರಿ, ಏಳಲಾರದೆ ಮಲಗಿದ್ದಳು. ಗುದ್ಲೆಪ್ಪ ಕಲ್ಲವ್ವನ ಸೊಸೆಯನ್ನು ಕರೆದುತರಲು ಹೊರಟ. ನನ್ನನ್ನು ಹೂಡಿ ನಿಲ್ಲಿಸಿದ್ದರು. ಅವನು ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಒಂದು ಸಣ್ಣ ಪಾದ ಹೊಲಕ್ಕೆ ಇಳಿಯಿತು. ಇಪ್ಪತ್ತೆರಡು ವರ್ಷದ ಮೇಲೆ ಆ ಪಾದ ನನ್ನ ಹಿಂದೆ ಬಂದು ನಿಂತಿತು.

"ಗುದ್ಲೂ, ನಿಲ್ಲು," ಎಂದಳು. "ಯಾರನ್ನೂ ಕರೀಬ್ಯಾಡ. ಶಾವಂತ್ರಿ ಬಿತ್ತತಾಳ."

"ಅವ್ವಾ, ತಲಿ ಕೆಟ್ಟೈತೇನ?"

"ಆ ವರ್ಷ ಕೆಂಚಿ ಬಿತ್ತಿದ್ದು ಎರಡ ಸಾಲು. ಬೋಳ ಬಿದ್ದಾವಂತ ನೀ ಬೈತಿದ್ದಿ ನೋಡು, ಆ ಎರಡ. ಉಳಿದದ್ದೆಲ್ಲಾ ನಾ ಬಿತ್ತೀನಿ. ಈ ಕೈಲೆ."

ಗುದ್ಲೆಪ್ಪನ ಪಾದ ಅಲುಗಲಿಲ್ಲ. ಅವನ ದನಿ ಬಂತು, ಅದು ಅವನ ದನಿಯಂತೆಯೇ ಇರಲಿಲ್ಲ.

"ಹಂಗಾರ ಕೆಂಚಿನ್ನ ಕೊಂದಾಕಿ ನೀನ."

ತಾಯಿಯ ಬೆನ್ನಿಗೇ ಬಂದಿದ್ದ ಶಾವಂತ್ರೆವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಫಕೀರವ್ವ ಮಗನ ಎದುರು ಒಂದು ಹೆಜ್ಜೆ ಮುಂದೆ ಬಂದಳು.

"ನಾನೂ ಹಂಗ ತಿಳದಿದ್ದೆ. ಇಷ್ಟ ವರ್ಷ ತಿಳದಿದ್ದೆ. ಆದ್ರ ನಿಮ್ಮಪ್ಪನ್ನೂ ಜ್ವರ ಒಯ್ತು, ಆಗ ಯಾವ ಗಂಡ ಸತ್ತಾಕಿ ಬೀಜ ಮುಟ್ಟಿದ್ಲು? ನನ್ನ ಕೈಗೆ ವಿಷ ಇದ್ರ, ಆ ವರ್ಷ ಆ ಭತ್ತ ಉಂಡು ನೀ ಹೆಂಗ ಬದಕಿದಿ? ಬೀಜ ಇಟ್ಟು ಬೀಜ ಇಟ್ಟು ಇವತ್ತಿನ ತನಾ ಉಣ್ಣಾಕತ್ತೀಯಲ್ಲ, ಅದು ಯಾರ ಕೈ ಅನ್ನ?"

ಗುದ್ಲೆಪ್ಪ ಎತ್ತುಗಳನ್ನು ಅಲ್ಲೇ ಬಿಟ್ಟು ನಡೆದುಬಿಟ್ಟ. ಫಕೀರವ್ವ ಬಗ್ಗಿ ಎತ್ತಿನ ಹಗ್ಗ ಎತ್ತಿಕೊಂಡು ಮುಂದೆ ಹೋದಳು. ಹಿಂದೆ ಶಾವಂತ್ರೆವ್ವ ನಿಂತಳು. ಮೊದಲು ಅವಳ ಕೈಯಿಂದ ಬೀಜ ಚೆಲ್ಲಿತು. ತಾಯಿ ಬಂದು ಅವಳ ಬೆರಳನ್ನು ಹಿಡಿದು, ಹೆಬ್ಬೆರಳು ಒಳಗೆ, ಕಿರುಬೆರಳು ಸಡಿಲು ಎಂದು ತೋರಿಸಿಕೊಟ್ಟಳು. ಎರಡನೆಯ ಸಾಲಿಗೆ ಐದೂ ಕೊಳವೆ ತುಂಬಿ ಹರಿದವು. ಅಂದು ಗಂಡ ಸತ್ತ ಇಬ್ಬರು ಹೆಂಗಸರು ಹೊಲವನ್ನೆಲ್ಲ ಬಿತ್ತಿದರು. ಊರು ಬದುವಿನ ಮೇಲೆ ನಿಂತು ನೋಡಿತು.

ನೆಲ ಸುಡಲಿಲ್ಲ. ಪಾರ್ವತೆವ್ವನ ಹೆರಿಗೆ ಸುಸೂತ್ರವಾಯಿತು. ಬೆಳೆ ಬಂತು, ಗುದ್ಲೆಪ್ಪ ಅದನ್ನು ಕೊಯ್ದ, ಉಂಡ. ಮೇಲಿನ ಪಟ್ಟಿಯನ್ನು ಅಕ್ಕನಿಗೆ ಬಿಟ್ಟುಕೊಟ್ಟ. ತಾಯಿಯ ಜೊತೆ ಮಾತು ಮಾತ್ರ ಆಡಲಿಲ್ಲ. ಆರು ವರ್ಷ. ಫಕೀರವ್ವ ನನ್ನನ್ನೂ ಕರೆದುಕೊಂಡು, ಮೇಲಿನ ಪಟ್ಟಿಯಲ್ಲಿ ಶಾವಂತ್ರೆವ್ವ ಕಟ್ಟಿಕೊಂಡ ಗುಡಿಸಲಿಗೆ ಬಂದಳು, ಅಲ್ಲೇ ತೀರಿಕೊಂಡಳು. ಕೊನೆಯ ದಿನ ಮಗ ಬಂದು ಬಾಗಿಲ ಹೊರಗೆ ಕುಳಿತಿದ್ದ. "ಗುದ್ಲೂ ಬಂದಾನೇನ?" ಎಂದು ಅವಳು ಕೇಳಿದ್ದು ಅವನಿಗೆ ಕೇಳಿಸಿತು. ಏಳಬೇಕೆಂದು ಕೈ ಊರಿದ, ಏಳುವಷ್ಟರಲ್ಲಿ ಮುಗಿದಿತ್ತು. ಅದಕ್ಕಾಗಿ ನಾನು ಅವನನ್ನು ಬಹಳ ಕಾಲ ಕ್ಷಮಿಸಲಿಲ್ಲ.

ಈಗ ನಾನು ಮುದುಕಿ. ಟ್ರ್ಯಾಕ್ಟರಿನ ಬಿತ್ತುವ ಮಷೀನು ಬಂದು ನನಗೆ ಕೆಲಸ ತಪ್ಪಿತು. ಶಾವಂತ್ರೆವ್ವನ ಮನೆಯ ಪಡಸಾಲೆಯ ಮೂಲೆಯಲ್ಲಿ, ಮೈಗೆ ಹುಳ ಹಿಡಿಸಿಕೊಂಡು ಒರಗಿದ್ದೇನೆ. ಎರಡು ಕೊಳವೆ ಮುರಿದಿವೆ. ಬಟ್ಟಲು ಗಟ್ಟಿಯಾಗಿದೆ.

ಮೊನ್ನೆ ಬಿತ್ತನೆ ಮುಗಿದ ದಿನ ಗುದ್ಲೆಪ್ಪ ಬಂದ. ಅವನಿಗೂ ಎಪ್ಪತ್ತರ ಮೇಲೆ, ಹೆಜ್ಜೆ ಎಳೆಯುತ್ತದೆ. ಪಾರ್ವತೆವ್ವ ಹೋಗಿ ಒಂದು ವರ್ಷ. ಅಕ್ಕ ಕೊಟ್ಟ ಚಹಾ ಕುಡಿಯದೆ ನನ್ನ ಮುಂದೆ ಬಂದು ಕುಳಿತ. ದಿಂಡಿನ ಮೇಲೆ ಬೆರಳಾಡಿಸಿ, ತಾಯಿ ಕೊರೆಸಿದ ಎರಡು ತೂತುಗಳನ್ನು ಮುಟ್ಟಿ ನೋಡಿದ.

"ಅಕ್ಕಾ, ಈ ವರ್ಷ ಮಷೀನಿಗೆ ಬೀಜ ನಾನ ಸುರದ್ನಿ," ಎಂದ. "ಹೆಂಡತಿ ಸತ್ತಾಂವ ನಾನು. ಒಬ್ಬರೂ ಬ್ಯಾಡ ಅನಲಿಲ್ಲ. ಒಬ್ಬರಂದ್ರ ಒಬ್ಬರೂ."

ಅವನ ಕಣ್ಣೀರು ಬಟ್ಟಲಿಗೆ ಬಿತ್ತು. ಅಷ್ಟು ವರ್ಷ ಹಿಡಿದಿಟ್ಟಿದ್ದ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

"ನಾ ಮುಂದ ಇದ್ನಿ," ಎಂದ. "ಎರಡ ದಿನ ಹಗ್ಗ ಹಿಡದು ಮುಂದ ಇದ್ನಿ. ಒಮ್ಮೆರ ಹಿಂದ ತಿರುಗಿ ನೋಡಲಿಲ್ಲ. ಅವ್ವ ಬೀಜ ಹೆಂಗ ಹಿಡಿತಿದ್ಲು, ಅಕ್ಕಾ?"

ಶಾವಂತ್ರೆವ್ವ ಒಳಗೆ ಹೋಗಿ ಮಡಕೆಯಿಂದ ಒಂದು ಹಿಡಿ ಭತ್ತ ತಂದು ಅವನ ಕೈಗೆ ಸುರಿದಳು. ಅವನ ಹೆಬ್ಬೆರಳನ್ನು ಒಳಗೆ ಮಡಚಿ, ಕಿರುಬೆರಳನ್ನು ಸಡಿಲಿಸಿದಳು. ಮುದುಕನ ಮುಷ್ಟಿ ನನ್ನ ಬಟ್ಟಲ ಮೇಲೆ ಬಂತು. ಭತ್ತ ಸಣ್ಣಗೆ ಇಳಿದು, ಮೂರು ಕೊಳವೆಗಳಿಂದ ಪಡಸಾಲೆಯ ನೆಲದ ಮೇಲೆ ಬಿತ್ತು.